ರೊಟ್ಟಿಯಿಲ್ಲದ ಒಂದು ಹೊತ್ತು

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಊಟವೆಂದರೆ ರೊಟ್ಟಿ. ಬುಟ್ಟಿಯಲ್ಲಿ ರೊಟ್ಟಿ ಇಲ್ಲವೆಂದರೆ ಮನೆಯಲ್ಲಿ ಅಡಿಗೆಯೇ ಆಗಿಲ್ಲವೆಂದು ತಿಳಿಯುವ ಜನ ನಾವು. ಅನ್ನ ಎಷ್ಟು ಉಂಡರೂ ಮೇಲೆ ಅರ್ಧ ರೊಟ್ಟಿ ಬೀಳದೆ ಹೊಟ್ಟೆ ತುಂಬುವುದಿಲ್ಲ. ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಆಯ್ದು ತೆಗೆದ ಮಾಲದಂಡಿ ಬಿಳಿಜೋಳ ನಮ್ಮ ನೆರೆಯದೇ. ಅದರ ರೊಟ್ಟಿಯ ರುಚಿಯನ್ನು ನಾವು ಅಲ್ಲಗಳೆಯುವುದಿಲ್ಲ. ರೊಟ್ಟಿಯನ್ನು ಬಿಡಿರೆಂದು ಹೇಳುವುದಕ್ಕೂ ಈ ಲೇಖನ ಬರೆಯುತ್ತಿಲ್ಲ. ದಿನಕ್ಕೆ ಒಂದು ಹೊತ್ತು, ಅದೂ ಆಗದಿದ್ದರೆ ವಾರಕ್ಕೆ ಎರಡು ಹೊತ್ತು, ರೊಟ್ಟಿಯಿಲ್ಲದೆ ಉಣ್ಣುವುದನ್ನು ರೂಢಿಸಿಕೊಳ್ಳಿರೆಂಬುದೇ ನಮ್ಮ ವಿನಂತಿ.

“ಅದು ಹೇಗೆ ಸಾಧ್ಯ?” ಎಂದು ಕೇಳುವವರಿಗೆ ಉತ್ತರ ಅವರ ಮನೆಯಲ್ಲೇ ಇದೆ. ಆಷಾಢ ಏಕಾದಶಿಗೆ ಪಂಢರಪುರದ ದಾರಿ ಹಿಡಿಯುವ ವಾರಕರಿಗಳಿಂದ ಹಿಡಿದು ಮನೆಯಲ್ಲೇ ಉಪವಾಸ ಮಾಡುವ ತಾಯಂದಿರವರೆಗೆ ಆ ದಿನ ಯಾರೂ ರೊಟ್ಟಿ ಮುಟ್ಟುವುದಿಲ್ಲ. ಭಗರ, ಶೇಂಗಾದ ಸಾರು, ರಾಜಗಿರಿಯ ಲಾಡು ತಿಂದು ದಿನ ಕಳೆಯುತ್ತಾರೆ, ಯಾರೂ ಬಳಲುವುದಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆಯ ಕಡಬು, ಹತ್ತಾರು ಕಾಳು ಕಾಯಿಪಲ್ಯ ಕೂಡಿಸಿ ಕುದಿಸಿದ ಭಜ್ಜಿ, ಮಜ್ಜಿಗೆ ಬೆರೆಸಿದ ಅಂಬಲಿಗಳನ್ನು ನೆಂಟರಿಷ್ಟರ ಸಂಗಡ ಚಪ್ಪರಿಸಿ ಉಣ್ಣುತ್ತೇವೆ. ಹಬ್ಬದ ದಿನ ಇಷ್ಟು ರುಚಿಸಿದ ಅಡಿಗೆ ಮರುದಿನ ಬಡವರ ಊಟವಾಗುವುದು ಯಾವ ನ್ಯಾಯ? ಬದಲಾದದ್ದು ನಮ್ಮ ಮನಸ್ಸೇ ಹೊರತು ಆ ಕಾಳಿನ ಗುಣವಲ್ಲ.

ಈ ಮನಸ್ಸಿಗೆ ಒಂದು ಹಳೆಯ ಗಾಯವೂ ಇದೆ. 1972ರ ಬರಗಾಲವನ್ನು ಕಂಡ ಹಿರಿಯರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು, ಅಲ್ಲಿ ಹಂಚಿದ ‘ಸುಕಡಿ’ ತಿಂದು, ಅಮೆರಿಕದಿಂದ ಹಡಗಿನಲ್ಲಿ ಬಂದ ‘ಮಿಲೋ’ ಎಂಬ ಕೆಂಪು ಜೋಳದ ರೊಟ್ಟಿ ಬಡಿದು ಜೀವ ಉಳಿಸಿಕೊಂಡವರು ಅವರು. ಜಾತಿಯಿಂದ ಮಿಲೋ ಕೂಡ ಜೋಳವೇ. ಆದರೂ ಅದರ ಹೆಸರೆತ್ತಿದರೆ ಇಂದಿಗೂ ಮುಖ ಸಿಂಡರಿಸುತ್ತಾರೆ. ಅವರನ್ನು ನಾವು ತಪ್ಪೆಣಿಸುವುದಿಲ್ಲ. ಬೇರೆ ದಾರಿಯಿಲ್ಲದೆ ಬಾಯಿಗಿಟ್ಟ ಅನ್ನ ಯಾರಿಗೂ ರುಚಿಸದು. ಈ ಅನುಭವದಿಂದ ನಾವು ಕಲಿಯಬೇಕಾದ ಪಾಠವೊಂದಿದೆ: ಹೊಸ ಆಹಾರದ ರುಚಿಯನ್ನು ಬರಗಾಲದಲ್ಲಿ ಕಲಿಯಲಾಗದು. ಮನೆಯಲ್ಲಿ ಬೆಣ್ಣೆ, ಉಪ್ಪಿನಕಾಯಿ, ನಗು ಎಲ್ಲವೂ ಇರುವ ಸುಭಿಕ್ಷದ ವರ್ಷದಲ್ಲಿಯೇ ಅದನ್ನು ಕಲಿಯಬೇಕು. ಹಾಗೆ ಕಲಿತವನು ಜೋಳ ಕೈಕೊಟ್ಟ ವರ್ಷವೂ ಸುಖವಾಗಿ ಉಂಡಾನು.

ಜೋಳ ಕೈಕೊಡುವುದಕ್ಕೆ ಈಗ ಮಳೆಯೊಂದೇ ಕಾರಣವಲ್ಲ. ಕಾಲುವೆ, ಕೊಳವೆಬಾವಿಯ ನೀರು ಬಂದ ಕಡೆ ಕಬ್ಬು ಮುಂದೆ ಬಂದಿದೆ, ಜೋಳ ಹಿಂದೆ ಸರಿದಿದೆ. ಸ್ವಂತದ ಜೋಳವಿಲ್ಲದ ಮನೆಯವರು ಅದನ್ನು ಪೇಟೆಯಲ್ಲಿ ಕೊಳ್ಳಬೇಕು. ರೇಶನ್ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಗೋದಿ ಮತ್ತು ಅಕ್ಕಿ. 2013ರ ಆಹಾರ ಭದ್ರತೆಯ ಕಾಯಿದೆಯ ಪ್ರಕಾರ ಆದ್ಯತೆಯ ಕುಟುಂಬಗಳಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವುಂಟು. 2023ರ ಜನವರಿಯಿಂದ ಅದು ಬಿಟ್ಟಿಯಾಗಿಯೇ ದೊರೆಯುತ್ತಿದೆ. ಬಡವರಿಗೆ ಇದು ದೊಡ್ಡ ಆಸರೆ, ಸಂದೇಹವಿಲ್ಲ. ಆದರೆ ಅಕ್ಕಿಯನ್ನೇ ನೆಚ್ಚಿ ಕಾಳು, ಸೊಪ್ಪು ಮರೆತರೆ ಹೊಟ್ಟೆ ತುಂಬೀತು, ರಕ್ತ ತುಂಬದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮಹಾರಾಷ್ಟ್ರದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 54 ಮಂದಿಗೆ ರಕ್ತಹೀನತೆ ಇದೆ. ಹೊಲದಲ್ಲಿ ಕಳೆ ಕೀಳುವಾಗ ಕಣ್ಣು ಕತ್ತಲೆಗಟ್ಟುತ್ತದೆಂದು ಕೂತುಬಿಡುವ ಸೊಸೆಯನ್ನು ಸೋಮಾರಿಯೆಂದು ಬಯ್ಯುವ ಮೊದಲು ಆಕೆಯ ತಾಟಿನಲ್ಲಿ ಏನಿದೆಯೆಂದು ನೋಡುವುದು ಲೇಸು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರಗಳ ಕೋಷ್ಟಕ ನಮ್ಮೆದುರು ಇದೆ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಕಬ್ಬಿಣದ ಅಂಶ ಒಂದು ಮಿಲಿಗ್ರಾಂ ಕೂಡ ಇಲ್ಲ. ಜೋಳ ಮತ್ತು ಗೋದಿ ಹಿಟ್ಟಿನಲ್ಲಿ ಸುಮಾರು 4, ಸಜ್ಜೆಯಲ್ಲಿ 6ಕ್ಕೂ ಮೇಲೆ, ಹುರುಳಿ ಮತ್ತು ರಾಜಗಿರಿ ಕಾಳಿನಲ್ಲಿ 8ಕ್ಕೂ ಮೇಲೆ ಇದೆ. ಹುರುಳಿಯಲ್ಲಿ ಮೈ ಬೆಳೆಸುವ ಸಸಾರಜನಕ ನೂರಕ್ಕೆ 22ರ ಸುಮಾರು ಉಂಟು. ರಾಗಿ ಮತ್ತು ನುಗ್ಗೆಸೊಪ್ಪಿನಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶ 300 ಮಿಲಿಗ್ರಾಮಿಗೂ ಹೆಚ್ಚು. ಎತ್ತಿಗೆ ಬೇಯಿಸಿ ಹಾಕುವ ಹುರುಳಿ, ಬೇಲಿಯ ಬದಿಯ ನುಗ್ಗೆ, ಇವು ನಾವು ತಾಟಿನಿಂದ ದೂರವಿಟ್ಟ ಸಂಪತ್ತು!

ಇನ್ನು ಅಡಿಗೆಯ ಮಾತು. ನವಣಕ್ಕಿಯನ್ನು ತೊಳೆದು ಅರ್ಧ ತಾಸು ನೆನೆಯಿಟ್ಟು, ಒಂದು ಅಳತೆಗೆ ಎರಡೂವರೆ ಅಳತೆ ನೀರಿಟ್ಟು ಬೇಯಿಸಿದರೆ ಅನ್ನ ಉದುರುದುರಾಗಿ ಬರುತ್ತದೆ. ಸಜ್ಜೆಗೆ ನೀರು ಚಿಮುಕಿಸಿ ಕುಟ್ಟಿ, ಕೇರಿ, ಹೊಟ್ಟು ತೆಗೆದು, ಹೆಸರುಬೇಳೆ ಕೂಡಿಸಿ ಖಿಚಡಿ ಮಾಡಬಹುದು. ಸಜ್ಜೆಯಲ್ಲಿ ಎಣ್ಣೆಯ ಅಂಶ ಹೆಚ್ಚಾದುದರಿಂದ ಹಿಟ್ಟು ಬೇಗ ಕಹಿಯಾಗುತ್ತದೆ, ಆದ್ದರಿಂದ ಐದಾರು ದಿನಕ್ಕಾಗುವಷ್ಟನ್ನೇ ಬೀಸಿಸಿರಿ. ಅನೇಕರು ಸಜ್ಜೆ ಕಹಿಯೆಂದು ದೂರುವುದು ಹಳೆಯ ಹಿಟ್ಟಿನ ದೋಷದಿಂದ. ಹುರುಳಿ, ಮಡಿಕೆಗಳನ್ನು ರಾತ್ರಿ ನೆನೆಹಾಕಿ ಮೊಳಕೆ ಬರಿಸಿ ಉಸಳಿ ಮಾಡಿ, ಮೇಲೆ ನಿಂಬೆಹಣ್ಣು ಹಿಂಡಿರಿ. ಹುಳಿಯಿಂದ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡೊಡನೆ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ, ಒಂದು ತಾಸು ತಡೆದು ಕುಡಿಯಿರಿ.

ನಾಲಗೆಯೂ ಹೋರಿಯಂತೆ, ಮೊದಲ ದಿನವೇ ನೊಗಕ್ಕೆ ಹೆಗಲು ಕೊಡುವುದಿಲ್ಲ. ಮಕ್ಕಳು ಹೊಸ ತಿನಿಸನ್ನು ಎಂಟು ಹತ್ತು ಸಲ ರುಚಿ ನೋಡಿದ ಮೇಲೆಯೇ ಒಪ್ಪಿಕೊಳ್ಳುವುದುಂಟು. ಆದುದರಿಂದ ಒಮ್ಮೆಗೆ ಒಂದೇ ಹೊಸ ಆಹಾರ, ಅದೂ ಸ್ವಲ್ಪವೇ ಇರಲಿ. ಅದರ ಜೊತೆಗೆ ಶೇಂಗಾ ಹಿಂಡಿ, ಅಗಸೆ ಹಿಂಡಿ, ಪುಂಡಿಪಲ್ಯದಂಥ ಪರಿಚಿತ ವ್ಯಂಜನವಿರಲಿ. ಮನೆಯ ಯಜಮಾನರು ತಾವೇ ಮೊದಲು ಉಣ್ಣಲಿ. ಅಪ್ಪ ಮುಖ ಕಿವುಚಿಕೊಂಡ ತಿನಿಸನ್ನು ಮಗ ಮುಟ್ಟುವುದಿಲ್ಲ.

ಗಡಿಯಾಚೆಯ ನಮಗೆ ಇನ್ನೊಂದು ತೊಡಕುಂಟು. ಪೇಟೆಯ ಫಲಕ, ಕೃಷಿ ಖಾತೆಯ ಕರಪತ್ರಗಳು ಮರಾಠಿಯಲ್ಲಿರುತ್ತವೆ. ಅಜ್ಜಿ ‘ನವಣೆ’ ಎಂದದ್ದು ಅಂಗಡಿಯಲ್ಲಿ ‘ರಾಳೆ’ಯಾಗಿ ಕೂತಿರುತ್ತದೆ. ಹುರುಳಿ ಅಲ್ಲಿ ‘ಹುಲಗೆ’, ಮಡಿಕೆ ‘ಮಟಕಿ’, ರಾಗಿ ‘ನಾಚಣಿ’. ಹೆಸರು ಬೇರೆಯಾದುದರಿಂದ ನಮ್ಮದೇ ಕಾಳು ನಮಗೆ ಪರಕೀಯವೆನಿಸಿದೆ. ಎರಡು ಹೆಸರನ್ನೂ ಮಕ್ಕಳಿಗೆ ಕಲಿಸಿರಿ. ಕಾಳನ್ನು ಕಳೆದುಕೊಂಡರೆ ಅದರ ಕನ್ನಡದ ಹೆಸರೂ ಅದರೊಡನೆ ಹೋಗುತ್ತದೆ.

ಆದರೆ ಕೊಂಡು ತಿನ್ನಿರೆಂದು ನಾವು ಹೇಳಲಾರೆವು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಪಟ್ಟಣದ ಅಂಗಡಿಗಳಲ್ಲಿ ನವಣಕ್ಕಿ ಚೆಂದದ ಪೊಟ್ಟಣದಲ್ಲಿ ಕೂತು ಅಕ್ಕಿಗಿಂತ ದುಬಾರಿಯಾಗಿದೆ. ಕೂಲಿಯವನು ಅದನ್ನು ಕೊಳ್ಳುವುದೆಲ್ಲಿ? ರೈತನಾದವನು ಹತ್ತು ಗುಂಟೆ ಮಸಾರಿ ನೆಲವನ್ನು ಮನೆಯ ಊಟಕ್ಕೆಂದೇ ಮೀಸಲಿಡಲಿ. ಮುಂಗಾರಿನಲ್ಲಿ ನವಣೆ ಬಿತ್ತಿದರೆ ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ಸಜ್ಜೆಯಲ್ಲಿ ಮಡಿಕೆಯ ಅಕ್ಕಡಿ ಸಾಲು ಹಾಕಬಹುದು. ಮಳೆ ಹಿಂದೆಬಿದ್ದರೆ ಹುರುಳಿ ಇದ್ದೇ ಇದೆ. ಬಾವಿಯ ಬದಿಗೆ ಎರಡು ನುಗ್ಗೆಯ ಗೂಟ ನೆಡುವುದಕ್ಕೆ ಖರ್ಚೇನು? ಹೊಲವಿಲ್ಲದವರ ಪರವಾಗಿ ಗ್ರಾಮಸಭೆ ಮಾತಾಡಲಿ. ಮೇಲೆ ಹೇಳಿದ ಕಾಯಿದೆಯಲ್ಲಿ ಅಕ್ಕಿ ಗೋದಿಗಳ ಜೊತೆಗೆ ಒರಟು ಧಾನ್ಯಗಳ ಹೆಸರೂ ಇದೆ. ಜೋಳ, ಸಜ್ಜೆ ಬೆಳೆಯುವ ಸೀಮೆಯವರು ಅವನ್ನು ರೇಶನ್ನಿನಲ್ಲಿ ಕೇಳುವುದು ಭಿಕ್ಷೆಯಲ್ಲ.

“ಬಡವರಿಗೆ ರೊಟ್ಟಿ ಬಿಡಿಸಿ ಹುರುಳಿ ತಿನ್ನಿಸುತ್ತೀರಾ?” ಎಂದು ಯಾರಾದರೂ ಕೇಳಿಯಾರು. ಉಪದೇಶ ಬಡವರಿಗಷ್ಟೇ ಆದರೆ ಆ ಮಾತು ಸರಿಯೇ. ಆದ್ದರಿಂದಲೇ ಊರ ಗೌಡರ ಪಂಕ್ತಿಯಿಂದ, ಮದುವೆಯ ಹಂದರದಿಂದ ಇದು ಪ್ರಾರಂಭವಾಗಲಿ ಎನ್ನುತ್ತೇವೆ. ದೊಡ್ಡವರ ಎಲೆಯ ಮೇಲೆ ನವಣೆಯ ಹುಗ್ಗಿ ಬಿದ್ದ ದಿನ ಅದು ಬಡವರ ಊಟವೆಂಬ ಹೆಸರು ತಾನಾಗಿಯೇ ಹೋಗುತ್ತದೆ. ರಕ್ತಹೀನತೆ ಹೆಚ್ಚಾಗಿದ್ದವರು ಊಟದ ಮೇಲೆಯೇ ಭಾರ ಹಾಕದೆ ಆರೋಗ್ಯ ಕೇಂದ್ರಕ್ಕೂ ಹೋಗಿ ಗುಳಿಗೆ ತೆಗೆದುಕೊಳ್ಳಲೇಬೇಕೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇವೆ.

ಒಲೆಯ ಮುಂದೆ ಕೂತು ದಿನಕ್ಕೆ ಹತ್ತಿಪ್ಪತ್ತು ರೊಟ್ಟಿ ಬಡಿಯುವ ಕೈಗಳಿಗೂ ಒಂದು ಹೊತ್ತಿನ ವಿಶ್ರಾಂತಿ ಸಿಕ್ಕೀತು. ಈ ಲಾಭವನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ, ಮನೆಯವರು ನೆನಪು ಮಾಡಿಕೊಟ್ಟರು. ರೈತ ಬಂಧುಗಳೇ, ಬರುವ ಸೋಮವಾರ ಸಂಜೆ ಬುಟ್ಟಿ ಮುಚ್ಚಿಯೇ ಇರಲಿ. ನವಣೆಯ ಅನ್ನ, ಹುರುಳಿಯ ಸಾರು, ಮೇಲಿಷ್ಟು ಬೆಣ್ಣೆ ಹಾಕಿಕೊಂಡು ಉಂಡು ನೋಡಿರಿ. ಮಂಗಳವಾರ ಮುಂಜಾನೆ ರೊಟ್ಟಿ ಇನ್ನಷ್ಟು ರುಚಿಯಾಗಿರುತ್ತದೆ.