'ಹೊರತು' ಎಂಬುದರ ಇಂಗ್ಲಿಷು

ಕೆಲವು ವರ್ಷಗಳ ಕೆಳಗೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ದಾದಿಯರ ತರಬೇತಿಗೆ ಅರ್ಜಿ ಬರೆದುಕೊಂಡಳು. ಗಣಿತವೊಂದರಲ್ಲಿ ಅವಳು ತೇರ್ಗಡೆಯಾಗಿರಲಿಲ್ಲ. ಅದನ್ನು ಮರೆಮಾಚುವ ಬುದ್ಧಿಯೂ ಅವಳಿಗಿರಲಿಲ್ಲ. ಆದರೆ 'ಎಕ್ಸೆಪ್ಟ್' ಎಂದು ಬರೆಯಬೇಕಾದಲ್ಲಿ, ಗಣಿತದ ಹಿಂದೆ 'ಬಿಸೈಡ್ಸ್' ಎಂದು ಬರೆದಳು. ಓದಿದವರು ಇವಳು ಗಣಿತದಲ್ಲಿಯೂ ಉಳಿದೆಲ್ಲ ವಿಷಯಗಳಲ್ಲಿಯೂ ಗೆದ್ದಿರುವಳೆಂದು ತಿಳಿದರು. ಅಂಕಪಟ್ಟಿಯನ್ನು ಕಂಡ ಮೇಲೆ ಸುಳ್ಳುಗಾತಿಯೆಂದು ಬಗೆದು ಕಳುಹಿಸಿಬಿಟ್ಟರು. ಅವಳು ಕಣ್ಣೀರಿಡುತ್ತ ಬಂದಾಗ ತಲೆ ತಗ್ಗಿಸಬೇಕಾದವರು ನಾವು. ಎಕ್ಸೆಪ್ಟ್, ಬಿಸೈಡ್ಸ್, ಅಪಾರ್ಟ್ ಫ್ರಮ್, ಬಟ್ ಎಂದು ಕರಿಹಲಗೆಯ ಮೇಲೆ ಸಾಲಾಗಿ ಬರೆದು, ಎಲ್ಲಕ್ಕೂ 'ಹೊರತು' ಎಂಬ ಒಂದೇ ಅರ್ಥವನ್ನು ಬಾಯಿಪಾಠ ಮಾಡಿಸಿದವರು ನಾವೇ ಅಲ್ಲವೇ?

ಇಂತಹ ಪಟ್ಟಿಗಳಿಂದ ಉಪಕಾರಕ್ಕಿಂತ ಕೇಡೇ ಹೆಚ್ಚೆಂಬುದು ಅಂದಿನಿಂದ ನಮ್ಮ ದೃಢವಾದ ಅಭಿಪ್ರಾಯ. ಕನ್ನಡದಲ್ಲಿ ಈ ಭೇದ ಇಲ್ಲದೆ ಇಲ್ಲ. 'ಅಕ್ಕನ ಹೊರತು ಎಲ್ಲರೂ ಬಂದರು' ಎಂದರೆ ಅಕ್ಕ ಮನೆಯಲ್ಲಿಯೇ ಉಳಿದಳು. 'ಅಕ್ಕನಲ್ಲದೆ ತಂಗಿಯೂ ಬಂದಳು' ಎಂದರೆ ಇಬ್ಬರೂ ಬಂದರು. ಮೊದಲನೆಯದು ಎಕ್ಸೆಪ್ಟ್, ಎರಡನೆಯದು ಬಿಸೈಡ್ಸ್. ಮನೆಮಾತಿನಿಂದ ಹೊರಟರೆ ಎಳೆಯ ಮಗುವಿಗೂ ಇದು ತಿಳಿಯುವುದು. 'ಅಕ್ಕನನ್ನು ಬಿಟ್ಟು ಮೂವರು ಬಂದರು' ಎಂಬಲ್ಲಿ ಮಾತ್ರ ಅಕ್ಕ ಬಂದಳೋ ಇಲ್ಲವೋ ತಿಳಿಯದು. ಅಪಾರ್ಟ್ ಫ್ರಮ್ ಎಂಬುದರ ಗುಣವೂ ಹೀಗೆಯೇ. ಹಣ, ಅಂಕ, ಹಾಜರಿಗಳ ಲೆಕ್ಕವಿರುವ ಕಾಗದದಲ್ಲಿ ಅದನ್ನು ಬಳಸದಿರುವುದೇ ಲೇಸು.

ಎಕ್ಸೆಪ್ಟ್, ಎಕ್ಸೆಪ್ಟ್ ಫಾರ್ ಎಂಬೆರಡರ ವಿಷಯದಲ್ಲಿ ತಾಯಂದಿರೂ ನಮ್ಮನ್ನು ಕೇಳುವುದುಂಟು. ಎಲ್ಲರೂ, ಯಾರೂ ಎಂಬ ಮಾತುಗಳ ಬೆನ್ನಿಗೆ ಎರಡೂ ಸಲ್ಲುವುವು. ವಾಕ್ಯದ ಆರಂಭದಲ್ಲಿ ಹೆಸರಿನ ಮುಂದೆ ಫಾರ್ ಇರತಕ್ಕದ್ದು. 'ಕಾಗುಣಿತದ ತಪ್ಪುಗಳ ಹೊರತು ಪ್ರಬಂಧವು ಚೆನ್ನಾಗಿದೆ' ಎಂಬಂತಹ ಮಾತಿನಲ್ಲಿಯೂ ಫಾರ್ ಬೇಕೇ ಬೇಕು. ಯಾಕಂದರೆ ತಪ್ಪುಗಳು ಪ್ರಬಂಧಗಳ ಗುಂಪಿನಿಂದ ಹೊರತೆಗೆದ ಮತ್ತೊಂದು ಪ್ರಬಂಧವಲ್ಲ. ಆದರೆ 'ಆನ್ ಸಂಡೇ' ಎಂಬುದರ ಮುಂದೆಯೂ 'ವೆನ್ ಇಟ್ ರೇನ್ಸ್' ಎಂಬುದರ ಮುಂದೆಯೂ ಬರಿಯ ಎಕ್ಸೆಪ್ಟ್ ಸಾಕು. ಸೇವ್ ಎಂಬುದು ಹಳೆಯ ಗ್ರಂಥಗಳಲ್ಲಿ ಶೋಭಿಸುವುದು. ರಜೆಯ ಚೀಟಿಯಲ್ಲಿ ಅದನ್ನು ಕಂಡು ನಾವು ನಗೆಯನ್ನು ತಡೆದುಕೊಂಡದ್ದುಂಟು.

ಬಟ್ ಎಂಬ ಪದವು ಹಳೆಯ ಇಂಗ್ಲಿಷಿನಲ್ಲಿ 'ಹೊರಗೆ' ಎಂಬರ್ಥದ ಪದದಿಂದ ಬಂದುದು. ನಮ್ಮ ಹೊರತು ಎಂಬುದೂ 'ಹೊರ' ಎಂಬುದರಿಂದಲೇ ಹುಟ್ಟಿತು! ಮಕ್ಕಳಿಗೆ ಇದನ್ನು ಹೇಳಿದರೆ ಅವರ ಮುಖ ಅರಳುವುದು. ಆದರೆ ಬಟ್ ಫಾರ್ ಎಂದರೆ 'ಇಲ್ಲದಿದ್ದರೆ' ಎಂದರ್ಥ; ತಾಯಿ ಇಲ್ಲದಿದ್ದರೆ ನಾನು ಓದುತ್ತಿರಲಿಲ್ಲ ಎಂಬಂತೆ.

ಪೋಷಕರಲ್ಲಿ ನಮ್ಮ ಕೋರಿಕೆಯಿಷ್ಟೇ: ಮಗಳು ಇಂಗ್ಲಿಷಿನಲ್ಲಿ ಅರ್ಜಿ ಬರೆದಾಗ, ಅದರ ಅರ್ಥವನ್ನು ಕನ್ನಡದಲ್ಲಿ ಒಮ್ಮೆ ಹೇಳೆಂದು ಕೇಳಿರಿ. ತಮಗೆ ಇಂಗ್ಲಿಷು ಬಾರದಿದ್ದರೂ ಚಿಂತೆಯಿಲ್ಲ.

ಆ ಹುಡುಗಿ ಮರುವರ್ಷ ಗಣಿತದಲ್ಲಿಯೂ ತೇರ್ಗಡೆಯಾಗಿ ತರಬೇತಿಗೆ ಸೇರಿದಳು. ಆ ಅರ್ಜಿಯಲ್ಲಿ ಈ ಪದಗಳೊಂದೂ ಬೇಕಾಗಲಿಲ್ಲ.