ಎಂಜಿನ್ ಮರೆಯದ ಲೆಕ್ಕ

ಹಳೆಯ ಕಾರು ಕೊಳ್ಳುವಾಗ ನಾವು ನೋಡುವುದೇನು? ಬಣ್ಣ, ಟಯರು, ಓಡಿದ ಕಿಲೋಮೀಟರು. ಸಾಮಾನ್ಯ ಕಾರಿಗೆ ಇಷ್ಟು ಒಂದು ಮಟ್ಟಿಗೆ ಸಾಕಾದೀತು. ಆದರೆ ಗಲ್ಫ್‌ನಲ್ಲಿ ದುಡಿಯುವ ನಮ್ಮ ಹುಡುಗರಲ್ಲಿ ಕೆಲವರಿಗೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ಮೋಹವಿದೆ. ಅದಕ್ಕೆ ಸುರಿಯುವುದು ವರ್ಷಗಳ ಉಳಿತಾಯ. ಆ ಉಳಿತಾಯದಲ್ಲಿ ಇಡೀ ಮನೆಯ ಪಾಲಿದೆ. ಆದ್ದರಿಂದ ಮನೆಯ ಹೆಂಗಸರಿಗೂ ಈ ವಿಷಯ ತಿಳಿದಿರಲಿ.

ಕಾರು ಎಷ್ಟು ಓಡಿದೆ ಎಂಬುದನ್ನು ಕಿಲೋಮೀಟರು ಹೇಳುತ್ತದೆ. ಅದನ್ನು ಹೇಗೆ ಓಡಿಸಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಜರ್ಮನಿಯ ಪೋರ್ಷೆ ಕಾರುಗಳಲ್ಲಿ ಎಂಜಿನ್ನಿನ ಕಂಪ್ಯೂಟರ್ ಈ ಎರಡನೆಯ ಲೆಕ್ಕವನ್ನೂ ಇಡುತ್ತದೆ. ಎಂಜಿನ್ ಮಿತಿ ಮೀರಿ ತಿರುಗಿದಾಗಲೆಲ್ಲ ಅದು ದಾಖಲಾಗುತ್ತದೆ. 2004ರಲ್ಲಿ ಬಂದ 997 ಮಾದರಿಯ 911 ಕಾರಿನಲ್ಲಿ ಈ ಲೆಕ್ಕಕ್ಕೆ ಆರು ಹಂತಗಳಿವೆ. ಅದಕ್ಕಿಂತ ಹಿಂದಿನ 996ರಲ್ಲಿ ಎರಡೇ.

ಒಂದು, ಎರಡನೆಯ ಹಂತದಲ್ಲಿ ದೊಡ್ಡ ಸಂಖ್ಯೆ ಕಂಡರೆ ಗಾಬರಿ ಬೇಡ. ಆಕ್ಸಿಲರೇಟರ್ ಜೋರಾಗಿ ಒತ್ತಿದರೂ ಮಿತಿಗೆ ಬಂದೊಡನೆ ಕಂಪ್ಯೂಟರೇ ಎಂಜಿನ್ನನ್ನು ತಡೆಯುತ್ತದೆ. ನಾಲ್ಕರಿಂದ ಆರರವರೆಗಿನ ಹಂತಗಳ ಕಥೆ ಬೇರೆ. ವೇಗದಲ್ಲಿರುವಾಗ ನಾಲ್ಕನೆಯ ಗೇರಿಗೆ ಇಳಿಸುವ ಬದಲು ಕೈತಪ್ಪಿ ಎರಡಕ್ಕೆ ಹಾಕಿದರೆ, ಚಕ್ರಗಳೇ ಎಂಜಿನ್ನನ್ನು ಬಲವಂತವಾಗಿ ತಿರುಗಿಸುತ್ತವೆ. ಆಗ ಕಂಪ್ಯೂಟರ್ ಏನೂ ಮಾಡಲಾರದು. ವಾಲ್ವುಗಳು ಸಮಯಕ್ಕೆ ಮುಚ್ಚದೆ ಪಿಸ್ಟನ್ನಿಗೆ ತಾಗಬಹುದು, ಬೇರಿಂಗುಗಳಿಗೆ ಪೆಟ್ಟಾಗಬಹುದು. ಇಂತಹ ಎಂಜಿನ್ನನ್ನು ಬಿಚ್ಚಿ ಕಟ್ಟಿಸಬೇಕಾದರೆ ಖರ್ಚು ಲಕ್ಷಗಳಲ್ಲಿ.

ವರದಿಯ ಸಂಖ್ಯೆಯನ್ನು ಓದುವುದೂ ಒಂದು ವಿದ್ಯೆ. 500 ಎಂದಿದ್ದರೆ ಐನೂರು ಸಲ ತಪ್ಪಾಗಿದೆ ಎಂದಲ್ಲ. ಅಲ್ಲಿ ಎಣಿಸುವುದು ಸಿಲಿಂಡರಿನ ಕಿಡಿಗಳನ್ನು. ಆರು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಮೂರು ಕಿಡಿ ಹಾರಿಸುತ್ತದೆ. ನಿಮಿಷಕ್ಕೆ 8,000 ಸುತ್ತು ತಿರುಗಿದರೆ ಸೆಕೆಂಡಿಗೆ 400 ಕಿಡಿ. ಅಂದರೆ 500 ಎಂಬುದು ಒಂದೂಕಾಲು ಸೆಕೆಂಡಿನ ಮಾತು.

ಅದರ ಪಕ್ಕದಲ್ಲೇ ಗಂಟೆಗಳ ಲೆಕ್ಕವಿರುತ್ತದೆ. ಆ ಹಂತವನ್ನು ಕೊನೆಯ ಸಲ ಮುಟ್ಟಿದ್ದು ಎಂಜಿನ್ನಿನ 300ನೇ ಗಂಟೆಯಲ್ಲಿ, ಈಗ 1,500 ಗಂಟೆ ಆಗಿದೆ ಎಂದುಕೊಳ್ಳಿ. ಆಮೇಲೆ 1,200 ಗಂಟೆ ಅದು ಓಡಿದೆ. ದೊಡ್ಡ ಪೆಟ್ಟಾಗಿದ್ದರೆ ಇಷ್ಟರಲ್ಲಿ ಬಯಲಾಗುತ್ತಿದ್ದ ಸಂಭವ ಹೆಚ್ಚು. 1,495ನೇ ಗಂಟೆಯಲ್ಲಿ ಎಂದಿದ್ದರೆ ಎಚ್ಚರ! ಎಂಜಿನ್ನಿನ ಕಂಪ್ರೆಶನ್ ಪರೀಕ್ಷೆ ಮಾಡಿಸದೆ ಮುಂದುವರಿಯಬಾರದು.

ಈ ಗಂಟೆಗಳಿಂದ ಇನ್ನೊಂದು ಉಪಕಾರವಿದೆ. ಓಡಿದ ಕಿಲೋಮೀಟರನ್ನು ಒಟ್ಟು ಗಂಟೆಗಳಿಂದ ಭಾಗಿಸಿ ನೋಡಿ. 60,000 ಕಿಲೋಮೀಟರು, 1,500 ಗಂಟೆ ಎಂದರೆ ಗಂಟೆಗೆ ಸರಾಸರಿ 40. ಇದು ನಂಬುವಂಥದ್ದು. ಸರಾಸರಿ ಹತ್ತು, ಹನ್ನೆರಡಕ್ಕೆ ಇಳಿದರೆ ಮೀಟರು ತಿರುಗಿಸಿರಬಹುದೇ ಎಂದು ವಿಚಾರಿಸಬೇಕು. ಕಂಪ್ಯೂಟರನ್ನೇ ಬದಲಿಸಿದ್ದರೆ ಲೆಕ್ಕ ಹೊಸದಾಗಿ ಶುರುವಾಗಿರುತ್ತದೆ ಎಂಬುದೂ ನೆನಪಿರಲಿ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮಗನೋ ತಮ್ಮನೋ ಇಂತಹ ಕಾರಿನ ಮಾತೆತ್ತಿದರೆ ಬೇಡವೆಂದು ಜಗಳವಾಡಬೇಕಿಲ್ಲ. "ಅಡ್ವಾನ್ಸ್ ಕೊಡುವ ಮೊದಲು ಆ ಎಂಜಿನ್ ವರದಿ ತೆಗೆಸಿದೆಯಾ?" ಎಂದು ಕೇಳಿ. ಸೂಕ್ತ ಉಪಕರಣವಿರುವ ವರ್ಕ್‌ಶಾಪಿನಲ್ಲಿ ಅದು ಸಿಗುತ್ತದೆ. ಮಾರುವವನು ವರದಿ ತೆಗೆಸಲು ಒಪ್ಪದಿದ್ದರೆ ಬೇರೆ ಕಾರು ನೋಡುವುದೇ ಲೇಸು.