ನಕ್ಷೆ ಬರೆಯಲು ಬಾರದವರು ಭೂಗೋಳ ಕಲಿಸುವುದು ಹೇಗೆ?

ಡಿ.ಎಡ್., ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಕೈಗೆ ಬಿಳಿ ಹಾಳೆ ಕೊಟ್ಟು, ಪುಸ್ತಕ ನೋಡದೆ ಕೊಪ್ಪಳ ಜಿಲ್ಲೆಯ ನಕ್ಷೆ ಬರೆಸಬೇಕು. ಅವರ ಭೂಗೋಳ ಜ್ಞಾನವನ್ನು ಅದರಿಂದಲೇ ಅಳೆಯಬೇಕು. ಕುಷ್ಟಗಿ ಸೀಮೆಯ ಶಾಲೆಗಳ ಹಿತಕ್ಕಾಗಿ ನಾನು ಮಂಡಿಸುತ್ತಿರುವ ವಾದ ಇದು. ಒಪ್ಪದವರು ನಾಲ್ಕು ಆಕ್ಷೇಪ ಎತ್ತುತ್ತಾರೆ. ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

1. ‘ಇದು ಚಿತ್ರಕಲೆಯ ಪರೀಕ್ಷೆಯಾಗುತ್ತದೆ.’

ಗೆರೆಯ ಅಂದಕ್ಕೆ ಇಲ್ಲಿ ಅಂಕವೇ ಇಲ್ಲ. ಕುಷ್ಟಗಿ ಜಿಲ್ಲೆಯ ಉತ್ತರಕ್ಕೆ ಬಂದಿದೆಯೇ? ಅಲ್ಲಿಂದ ಕೊಪ್ಪಳ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ಯಲಬುರ್ಗಾ ನೈರುತ್ಯಕ್ಕೆ, ಗಂಗಾವತಿ ಆಗ್ನೇಯಕ್ಕೆ ಇವೆಯೇ? ಇಳಕಲ್ ಗಡಿಯಾಚೆ ಉತ್ತರದಲ್ಲಿದೆಯೇ? ತುಂಗಭದ್ರೆ ದಕ್ಷಿಣದ ಅಂಚಿನಲ್ಲಿ ಹರಿದಿದ್ದಾಳೆಯೇ? ನೋಡಬೇಕಾದದ್ದು ಇಷ್ಟು. ಗೆರೆ ಸೊಟ್ಟಗಿದ್ದರೂ ಇವು ಸರಿಯಿದ್ದರೆ ಪೂರ್ಣ ಅಂಕ. ಎಷ್ಟೇ ಚೆಂದ ಬರೆದರೂ ಗಂಗಾವತಿಯನ್ನು ಕೊಪ್ಪಳದ ಪಶ್ಚಿಮಕ್ಕೆ ಇಟ್ಟವರಿಗೆ ಜಿಲ್ಲೆ ತಿಳಿದಿಲ್ಲ.

2. ‘ಮೊಬೈಲಿನಲ್ಲಿ ಎಲ್ಲ ಸಿಗುವಾಗ ನೆನಪಿನಿಂದ ಬರೆಯುವುದೇಕೆ?’

ಮೊಬೈಲು ದಾರಿ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಗಂಗಾವತಿಯಲ್ಲಿ ಭತ್ತ ಬೆಳೆಯುತ್ತಾರೆ, ನಮ್ಮೂರಲ್ಲಿ ಸಜ್ಜೆ ಬಿತ್ತಿ ಮಳೆಗೆ ಕಾಯುತ್ತಾರೆ, ಯಾಕೆ ಎಂದು ಕುಷ್ಟಗಿಯ ಮಗು ಕೇಳಿಯೇ ಕೇಳುತ್ತದೆ. ಮುನಿರಾಬಾದಿನ ಅಣೆಕಟ್ಟೆ, ಅಲ್ಲಿಂದ ಗಂಗಾವತಿ, ಕಾರಟಗಿಯ ಕಡೆಗೆ ಇಳಿಜಾರಿನಲ್ಲಿ ಸಾಗುವ ಎಡದಂಡೆ ಕಾಲುವೆ, ಕಾಲುವೆಗೆ ಎಟುಕದ ಎತ್ತರದಲ್ಲಿರುವ ಕುಷ್ಟಗಿ: ಈ ಮೂರನ್ನೂ ಕೈಯಾರೆ ಬರೆದವರಿಗೆ ಉತ್ತರ ಗೆರೆಗಳಲ್ಲೇ ಕಾಣುತ್ತದೆ. ಏತ ನೀರಾವರಿಗಾಗಿ ಈ ಭಾಗದ ಜನ ಏಕೆ ಒತ್ತಾಯಿಸುತ್ತ ಬಂದರೆಂಬುದೂ ಅಲ್ಲೇ ತಿಳಿಯುತ್ತದೆ. ಇನ್ನೊಂದು ಮಾತು. ತಳಕಲ್‌ನಿಂದ ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಗೆ ರೈಲು ಬಂದದ್ದು 2025ರಲ್ಲಿ. ಗೋಡೆಯ ಮೇಲಿನ ಹಳೆಯ ನಕ್ಷೆಯಲ್ಲಿ ಆ ಹಳಿ ಇಲ್ಲ. ಅದನ್ನು ಸೇರಿಸಿ ತೋರಿಸಬೇಕಾದವರು ಶಿಕ್ಷಕರೇ.

3. ‘ಬಹು ಆಯ್ಕೆ ಪ್ರಶ್ನೆಯೇ ನ್ಯಾಯ, ನಕ್ಷೆಗೆ ಪರೀಕ್ಷಕರು ಮನಬಂದಂತೆ ಅಂಕ ಕೊಡುತ್ತಾರೆ.’

ಈ ಆತಂಕದಲ್ಲಿ ಹುರುಳಿದೆ. ನೋಡಬೇಕಾದ ಅಂಶಗಳನ್ನು ಮೊದಲೇ ಗೊತ್ತುಮಾಡಿ, ಇಬ್ಬರಿಂದ ಮೌಲ್ಯಮಾಪನ ಮಾಡಿಸಿದರೆ ಅದಕ್ಕೆ ಪರಿಹಾರವೂ ಇದೆ. ಆದರೆ 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು ಎಂಬ ಉತ್ತರಕ್ಕೆ ಗುರುತು ಹಾಕಿದವರಿಗೆ, ಅದನ್ನು ಬಿಟ್ಟುಕೊಟ್ಟ ರಾಯಚೂರು ಯಾವ ದಿಕ್ಕಿಗಿದೆ ಎಂಬುದು ಗೊತ್ತಿರಬೇಕೆಂದೇನೂ ಇಲ್ಲ. ಮನಸ್ಸಿನಲ್ಲಿ ಬೇರೂರಿದ ತಪ್ಪನ್ನು ಹೊರತೆಗೆಯುವುದು ನಕ್ಷೆಯೇ. 1980ರ ದಶಕದಲ್ಲಿ ಅಮೆರಿಕದ ಭೂಗೋಳತಜ್ಞ ಥಾಮಸ್ ಸಾರಿನೆನ್ ಹಲವು ದೇಶಗಳ ವಿದ್ಯಾರ್ಥಿಗಳಿಂದ ಜಗತ್ತಿನ ನಕ್ಷೆ ಬರೆಸಿದರು. ಬಹುಪಾಲು ಮಂದಿ ಯುರೋಪನ್ನು ನಡುವೆ ಇಟ್ಟಿದ್ದರು. ಅದನ್ನು ಹಿಗ್ಗಿಸಿ, ಆಫ್ರಿಕಾವನ್ನು ಕುಗ್ಗಿಸಿ ಬರೆದಿದ್ದರು. ಯಾವ ಬಹು ಆಯ್ಕೆ ಪ್ರಶ್ನೆಯಿಂದ ಇದು ಬಯಲಾಗುತ್ತಿತ್ತು? ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸಲು ಮಕ್ಕಳಿಗೆ ಹೇಳುತ್ತೇವೆ. ಮಗುವಿನಿಂದ ಕೇಳುವುದನ್ನು ಶಿಕ್ಷಕರಿಂದ ಕೇಳಬಾರದೇ?

4. ‘ಊರು ಬಿಟ್ಟು ಹೆಚ್ಚು ಓಡಾಡದ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತದೆ.’

ನಾಲ್ಕರಲ್ಲಿ ತೂಕದ ಆಕ್ಷೇಪ ಇದು. ಹಾಗಾಗಿಯೇ ಮೊದಲ ನಕ್ಷೆಯನ್ನು ತರಬೇತಿಯ ಆರಂಭದಲ್ಲಿ, ಅಂಕವಿಲ್ಲದೆ ಬರೆಸಬೇಕು. ಹನುಮಸಾಗರದ ಹುಡುಗಿಗೆ ಗಂಗಾವತಿ ತಿಳಿಯದು, ಗಂಗಾವತಿಯ ಹುಡುಗನಿಗೆ ತಾವರಗೇರಾ ತಿಳಿಯದು. ಇಬ್ಬರ ಕೊರತೆಯೂ ಕಾಗದದ ಮೇಲೆ ಕಂಡರೆ, ಅದನ್ನು ತುಂಬಿಕೊಡುವುದು ಕಾಲೇಜಿನ ಹೊಣೆಯಾಗುತ್ತದೆ. ಪರೀಕ್ಷೆಯನ್ನೇ ಕೈಬಿಟ್ಟರೆ ಆ ಕೊರತೆ ಅವರೊಂದಿಗೆ ತರಗತಿಯೊಳಕ್ಕೆ ಹೋಗುತ್ತದೆ. ಅನ್ಯಾಯ ಮಕ್ಕಳ ಪಾಲಿಗೆ ಬರುತ್ತದೆ.

ಜಿಲ್ಲೆಯ ಡಯಟ್ ಇರುವುದು ತುಂಗಭದ್ರಾ ಅಣೆಕಟ್ಟೆಯ ಮಗ್ಗುಲಲ್ಲೇ, ಮುನಿರಾಬಾದಿನಲ್ಲಿ. ಅಲ್ಲಿಯೂ ಎಲ್ಲ ಬಿ.ಎಡ್. ಕಾಲೇಜುಗಳಲ್ಲಿಯೂ ತರಬೇತಿಯ ಆರಂಭಕ್ಕೊಂದು, ಕೊನೆಗೊಂದು ನಕ್ಷೆ ಬರೆಸಲಿ. ಎರಡನ್ನೂ ಪ್ರಶಿಕ್ಷಣಾರ್ಥಿಯ ಮುಂದಿಟ್ಟು ಚರ್ಚಿಸಲಿ. ಇದಕ್ಕೆ ಬೇಕಾದದ್ದು ಎರಡು ಹಾಳೆ, ಒಂದು ಪೆನ್ಸಿಲ್. ವೆಚ್ಚದ ನೆಪ ಹೇಳುವಂತಿಲ್ಲ. ಈ ವರ್ಷವೇ ಆರಂಭಿಸಬೇಕು.